ಕೋಳಿ ತಿಂದದ್ದರಲ್ಲಿ ಮೊಟ್ಟೆಗೆ ಹೋಗಿದ್ದು ಎಷ್ಟು? ಒಂದು ತಿಂಗಳು ತೂಕ ಮಾಡಿ ನೋಡಿದೆ

ತಳೇಗಾಂವ್ ಶೆಡ್ | ಮಾರ್ಚ್ 15, ಬೆಳಿಗ್ಗೆ 8:10

ಎಲ್ಲರಿಗೂ ನಮಸ್ಕಾರ. ನಾನು ರಾಣೆಬೆನ್ನೂರಿನ ಕಡೆಯವನು. ಪುಣೆ ಹತ್ತಿರ ತಳೇಗಾಂವ್‌ನಲ್ಲಿ ಭಾವನ ಜೊತೆ ಸೇರಿ 2,000 ಲೇಯರ್ (ಮೊಟ್ಟೆ ಇಡುವ) ಕೋಳಿಗಳ ಶೆಡ್ ನಡೆಸುತ್ತಿದ್ದೇನೆ. ಇದು ಆರನೇ ವರ್ಷ. ಮುಂಬೈ, ಪುಣೆ, ಗೋವಾದ ನಮ್ಮವರು ಇಲ್ಲಿ ತುಂಬಾ ಜನ ಇದ್ದೀರಿ. ಕೋಳಿ ಸಾಕುವವರು, ಮೊಟ್ಟೆ ಮಾರುವವರು, ಸುಮ್ನೆ ತಿನ್ನುವವರು, ಎಲ್ಲರೂ ಓದಲಿ ಅಂತ ಬರೆಯುತ್ತಿದ್ದೇನೆ.

ಕಳೆದ ಮಳೆಗಾಲದಲ್ಲಿ ಶೆಡ್ಡಿನೊಳಗೆ ಕಾಲಿಟ್ಟರೆ ಸಾಕು, ಕಣ್ಣು ಉರಿಯುತ್ತಿತ್ತು. ನಮಗಾದರೆ ಹೊರಗೆ ಬರಬಹುದು. ಕೋಳಿ ಎಲ್ಲಿಗೆ ಹೋಗಬೇಕು? ನೋಡಲು ಬಂದ ಪಶುವೈದ್ಯರು ಒಂದೇ ಮಾತು ಹೇಳಿದರು. "ಈ ಘಾಟು ಇದೆಯಲ್ಲ, ಇದು ನೀವು ದುಡ್ಡು ಕೊಟ್ಟು ತಂದ ಸೋಯಾ ಹಿಂಡಿ." ಆ ಮಾತು ತಲೆಯಲ್ಲೇ ಉಳಿಯಿತು. ಫೆಬ್ರವರಿಯಲ್ಲಿ ಬಿಡುವು ಸಿಕ್ಕಾಗ 100 ಕೋಳಿಗಳ ಒಂದು ಸಾಲು ಆರಿಸಿಕೊಂಡು ದಿನಾ ತೂಕ ಮಾಡಿದೆ. ಹಾಕಿದ ಫೀಡ್ ಬರೆದೆ, ಬಂದ ಮೊಟ್ಟೆ ಬರೆದೆ.

ಸರಾಸರಿ ಲೆಕ್ಕ ಹೀಗಿದೆ. ದಿನಕ್ಕೆ 11.2 ಕಿಲೋ ಫೀಡ್. ಅದರಲ್ಲಿ ಪ್ರೋಟೀನ್ 17%, ಅಂದರೆ 1.9 ಕಿಲೋ. ಬಂದ ಮೊಟ್ಟೆ 88, ಒಂದೊಂದು 56 ಗ್ರಾಂ, ಒಟ್ಟು 4.9 ಕಿಲೋ. ಸಿಪ್ಪೆ ಕಳೆದರೆ 4.4 ಕಿಲೋ. ಅದರಲ್ಲಿ ಪ್ರೋಟೀನ್ 12.5% ಅಂತ ಹಿಡಿದರೆ ಬರೀ 0.55 ಕಿಲೋ. ಅಂದರೆ ನಾನು ಹಾಕಿದ ಪ್ರೋಟೀನಿನಲ್ಲಿ ನೂರಕ್ಕೆ 29 ಪಾಲು ಮಾತ್ರ ಮೊಟ್ಟೆಯಾಗಿದೆ. ಉಳಿದದ್ದು ಕೇಜಿನ ಕೆಳಗೆ ಬಿದ್ದಿದೆ.

ಅಲ್ಲಿಗೆ ನಿಲ್ಲಿಸಲು ಮನಸ್ಸು ಬರಲಿಲ್ಲ. ಬಿದ್ದ ಪ್ರೋಟೀನನ್ನು ಅದರೊಳಗಿನ ಸಾರಜನಕದ ಲೆಕ್ಕಕ್ಕೆ ತಿರುಗಿಸಿದೆ. ಪೂರ್ತಿ ಶೆಡ್ಡಿಗೆ ದಿನಕ್ಕೆ ಹತ್ತಿರ ಹತ್ತಿರ 4 ಕಿಲೋ ಸಾರಜನಕ. ಯೂರಿಯಾದಲ್ಲಿ ಸಾರಜನಕ 46%. ಹಾಗಾಗಿ ಐದು ದಿನಕ್ಕೊಮ್ಮೆ 45 ಕಿಲೋದ ಒಂದು ಯೂರಿಯಾ ಚೀಲದಷ್ಟು ಸಾರ ನನ್ನ ಶೆಡ್ಡಿನ ಕೆಳಗೆ ಸುರಿಯುತ್ತಿದೆ. ಊರಲ್ಲಿ ಅಪ್ಪ ಆ ಒಂದು ಚೀಲಕ್ಕಾಗಿ ಸೊಸೈಟಿ ಮುಂದೆ ಸರದಿ ನಿಲ್ಲುತ್ತಾರೆ. ಇಲ್ಲಿ ಅದೇ ಸಾರ ಗಾಳಿಗೆ ಹೋಗಿ ಕೋಳಿಗಳ ಕಣ್ಣು ಉರಿಸುತ್ತಿದೆ.

ನಮ್ಮ ಖರ್ಚಿನಲ್ಲಿ ನೂರಕ್ಕೆ 65-70 ರೂಪಾಯಿ ಫೀಡಿನದೇ. ಹಾಗಿದ್ದೂ ಮೊಟ್ಟೆ ದರದ ಬಗ್ಗೆ ದಿನಾ ಮಾತಾಡುತ್ತೇವೆ, ಫೀಡ್ ಎಲ್ಲಿ ಹೋಗುತ್ತದೆ ಅಂತ ಯಾರೂ ನೋಡುವುದಿಲ್ಲ. ನಿಮ್ಮಲ್ಲಿ ಯಾರಾದರೂ ಹೀಗೆ ತೂಕ ಮಾಡಿದ್ದರೆ ಹೇಳಿ.

ಡೊಂಬಿವಲಿ ಮೊಟ್ಟೆ ಅಂಗಡಿ | ಮಾರ್ಚ್ 15, ಬೆಳಿಗ್ಗೆ 9:32

ಒಳ್ಳೆ ವಿಷಯ ಎತ್ತಿದಿರಿ ಮಾರಾಯ್ರೆ. ನಾನು ಕುಂದಾಪುರದವನು, 22 ವರ್ಷದಿಂದ ಇಲ್ಲಿ ಹೋಲ್‌ಸೇಲ್ ಮಾಡುತ್ತಿದ್ದೇನೆ. ನನಗೆ ಕೋಳಿಯ ಹೊಟ್ಟೆ ಗೊತ್ತಿಲ್ಲ, ಟ್ರೇ ಗೊತ್ತು. ಒಂದು ಪೇಟಿ ಅಂದರೆ 30ರ ಏಳು ಟ್ರೇ, 210 ಮೊಟ್ಟೆ. ಡಿಸೆಂಬರಿನಲ್ಲಿ ಪೇಟಿಗೆ ಎರಡೋ ಮೂರೋ ಒಡೆದಿರುತ್ತವೆ. ಏಪ್ರಿಲ್ ಬಂತೆಂದರೆ ಹತ್ತು ಹನ್ನೆರಡು. ಅದೇ ಲಾರಿ, ಅದೇ ರಸ್ತೆ, ಅದೇ ಹಮಾಲರು. ಬೇಸಿಗೆಯ ಮೊಟ್ಟೆ ಕೈಗೆ ತೆಗೆದುಕೊಂಡಾಗಲೇ ಗೊತ್ತಾಗುತ್ತದೆ, ಸಿಪ್ಪೆ ಕಾಗದದ ಹಾಗೆ ಇರುತ್ತದೆ. ಒಡೆದ ಮೊಟ್ಟೆ ಅಂದರೆ ನೀವು ಹಾಕಿದ ಅಷ್ಟೂ ಫೀಡ್ ಹೋದ ಹಾಗೆ ಅಲ್ವಾ? ಅದೂ ನಿಮ್ಮ ಲೆಕ್ಕಕ್ಕೆ ಸೇರಬೇಕು.

ತಳೇಗಾಂವ್ ಶೆಡ್ | ಮಾರ್ಚ್ 15, ಬೆಳಿಗ್ಗೆ 10:05

ಖಂಡಿತ ಸೇರಬೇಕು ಅಣ್ಣಾ. ನಮ್ಮ ಶೆಡ್ಡಿನ ಗೇಟು ದಾಟಿದ ಮೇಲೆ ಏನಾಗುತ್ತದೆ ಅಂತ ನಮಗೆ ಯಾರೂ ಹೇಳುವುದಿಲ್ಲ.

ಪರೇಲ್ ಡಾಕ್ಟರ್ | ಮಾರ್ಚ್ 15, ಮಧ್ಯಾಹ್ನ 1:20

ನಾನು ಪರೇಲ್‌ನ ಬಾಂಬೆ ವೆಟರಿನರಿ ಕಾಲೇಜಿನಲ್ಲಿ ಓದಿದವನು. 1886ರಲ್ಲಿ ಶುರುವಾದ ಹಳೆಯ ಕಾಲೇಜು ಅದು. ಊರು ಬೀದರ್.

ತಳೇಗಾಂವ್ ಅವರ ಲೆಕ್ಕ ಸರಿಯಾಗಿದೆ. ಪ್ರೋಟೀನಿನಲ್ಲಿ ಸುಮಾರು ಮೂರನೇ ಒಂದು ಪಾಲು ಮೊಟ್ಟೆಗೆ ಹೋದರೆ ಅದು ಒಳ್ಳೆಯ ಶೆಡ್. ಆದರೆ ಕೋಳಿಗೆ ಬೇಕಾಗಿರುವುದು ಪ್ರೋಟೀನ್ ಅನ್ನುವುದಕ್ಕಿಂತ ಅದರೊಳಗಿನ ಅಮೈನೋ ಆಮ್ಲಗಳು. ಮೆಕ್ಕೆಜೋಳ ಮತ್ತು ಸೋಯಾ ಸೇರಿದ ಫೀಡಿನಲ್ಲಿ ಎಲ್ಲಕ್ಕಿಂತ ಮೊದಲು ಕೊರತೆ ಬೀಳುವುದು ಮಿಥಿಯೋನಿನ್. ಆ ಒಂದು ಕೊರತೆ ತುಂಬಲು ಸೋಯಾ ಹಿಂಡಿಯನ್ನೇ ಜಾಸ್ತಿ ಹಾಕಿದರೆ ಉಳಿದ ಅಮೈನೋ ಆಮ್ಲಗಳೆಲ್ಲ ಹೆಚ್ಚಾಗುತ್ತವೆ. ಹೆಚ್ಚಾದದ್ದನ್ನು ಕೋಳಿ ಕೂಡಿಡಲಾರದು. ಯೂರಿಕ್ ಆಮ್ಲ ಮಾಡಿ ಹೊರಗೆ ಹಾಕುತ್ತದೆ. ಹಿಕ್ಕೆಯ ಮೇಲಿನ ಬಿಳಿ ಭಾಗ ಅದೇ. ಹಿಕ್ಕೆ ಒದ್ದೆಯಾದರೆ ಸೂಕ್ಷ್ಮಜೀವಿಗಳು ಅದನ್ನು ಅಮೋನಿಯಾ ಮಾಡುತ್ತವೆ. ಮಳೆಗಾಲದಲ್ಲಿ ನಿಮ್ಮ ಕಣ್ಣು ಉರಿದದ್ದು ಅದಕ್ಕೇ.

ಮಿಥಿಯೋನಿನ್ ಮತ್ತು ಲೈಸಿನ್ ಎಂಬ ಇನ್ನೊಂದು ಅಮೈನೋ ಆಮ್ಲ ಪುಡಿಯಾಗಿ ಸಿಗುತ್ತವೆ. ಅವನ್ನು ಅಳತೆಯಲ್ಲಿ ಸೇರಿಸಿ ಒಟ್ಟು ಪ್ರೋಟೀನನ್ನು 17ರಿಂದ 16ಕ್ಕೆ ಇಳಿಸಬಹುದು. ಹೀಗೆ ಒಂದು ಅಂಕ ಇಳಿಸಿದರೆ ಹಿಕ್ಕೆಗೆ ಹೋಗುವ ಸಾರಜನಕ ಸುಮಾರು ಹತ್ತನೇ ಒಂದು ಪಾಲು ಕಡಿಮೆಯಾಗುತ್ತದೆ. ಮೊಟ್ಟೆ ಕಡಿಮೆಯಾಗುವುದಿಲ್ಲ.

ರಂಜಕದ ಕಥೆ ಇನ್ನೂ ಬೇಸರದ್ದು. ಕಾಳಿನಲ್ಲಿರುವ ರಂಜಕದ ಸುಮಾರು ಮೂರರಲ್ಲಿ ಎರಡು ಪಾಲು ಫೈಟೇಟ್ ರೂಪದಲ್ಲಿ ಬೀಗ ಹಾಕಿಕೊಂಡಿರುತ್ತದೆ. ಕೋಳಿಗೆ ಆ ಬೀಗ ತೆಗೆಯಲು ಹೆಚ್ಚು ಆಗುವುದಿಲ್ಲ. ಹಾಗಾಗಿ ನಾವು ಮೇಲಿಂದ ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್ ಎಂಬ ರಂಜಕದ ಪುಡಿ) ಹಾಕುತ್ತೇವೆ. ಅದು ಗಣಿಯಿಂದ ಅಗೆದು ತಂದ ಶಿಲೆಯಿಂದ ಬರುವಂಥದ್ದು, ಮುಗಿದರೆ ಮತ್ತೆ ಬೆಳೆಯುವುದಿಲ್ಲ. ಇಷ್ಟೆಲ್ಲ ಮಾಡಿದರೂ ತಿಂದ ರಂಜಕದಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಂದು ಪಾಲು ಮಾತ್ರ ಮೊಟ್ಟೆ ಸೇರುತ್ತದೆ. ಫೈಟೇಸ್ ಅನ್ನುವ ಕಿಣ್ವ ಫೀಡಿಗೆ ಸೇರಿಸಿದರೆ ಬೀಗ ತೆಗೆಯುತ್ತದೆ. ಒಂದು ಟನ್ ಫೀಡಿಗೆ ಸ್ವಲ್ಪವೇ ಸಾಕು. ಡಿಸಿಪಿ ಇಳಿಸಬಹುದು. ನಿಮ್ಮ ಫೀಡಿನಲ್ಲಿ ಫೈಟೇಸ್ ಇದೆಯಾ ಅಂತ ಕೇಳಿ. ಕಿಣ್ವವನ್ನೂ ಹಾಕಿ, ಡಿಸಿಪಿಯನ್ನೂ ಮೊದಲಿನಷ್ಟೇ ಹಾಕುವವರನ್ನು ನೋಡಿದ್ದೇನೆ. ಅದರಿಂದ ಏನೂ ಉಪಯೋಗವಿಲ್ಲ.

ತಳೇಗಾಂವ್ ಶೆಡ್ | ಮಾರ್ಚ್ 15, ರಾತ್ರಿ 9:15

ಡಾಕ್ಟ್ರೇ, ತುಂಬಾ ಉಪಕಾರವಾಯಿತು. ಮಿಥಿಯೋನಿನ್ ವಿಷಯದಲ್ಲಿ ನನಗಾದ ನಷ್ಟವನ್ನೂ ಹೇಳುತ್ತೇನೆ, ಬೇರೆಯವರಿಗೆ ಆಗದಿರಲಿ. 2021ರಲ್ಲಿ ಸೋಯಾ ಹಿಂಡಿಯ ಬೆಲೆ ಏರಿದ್ದು ನಿಮಗೆ ನೆನಪಿರಬಹುದು. ಆ ವರ್ಷ ಆಗಸ್ಟ್‌ನಲ್ಲಿ ಸರ್ಕಾರ 12 ಲಕ್ಷ ಟನ್ ಹಿಂಡಿಯ ಆಮದಿಗೆ ಒಪ್ಪಿಗೆ ಕೊಡಬೇಕಾಯಿತು. ಆಗ ನಾನು ಹೊಸಬ. ಹಿಂಡಿ ಕಡಿಮೆ ಮಾಡಿ ತೌಡು ಜಾಸ್ತಿ ಮಾಡಿದೆ, ಮಿಥಿಯೋನಿನ್ ಹಾಕಲಿಲ್ಲ. ಎರಡೇ ವಾರದಲ್ಲಿ ಮೊಟ್ಟೆ ಸಣ್ಣದಾಯಿತು. ಆಮೇಲೆ ಕೋಳಿಗಳು ಒಂದರ ಗರಿ ಒಂದು ಕೀಳಲು ಶುರುಮಾಡಿದವು. ಬೆನ್ನು ಬೋಳಾಗಿ ರಕ್ತ ಬಂದ ಕೋಳಿಗಳನ್ನು ಕೈಯಲ್ಲಿ ಎತ್ತಿ ಬೇರೆ ಮಾಡಿದ್ದು ಇನ್ನೂ ಕಣ್ಣ ಮುಂದಿದೆ.

ಹೋದ ವರ್ಷದಿಂದ 16% ಪ್ರೋಟೀನ್ ಮಾಡಬೇಕು ಅಂತ ಯೋಚಿಸುತ್ತಲೇ ಇದ್ದೆ, ಆ ಹೆದರಿಕೆಯಿಂದ ಮಾಡಿರಲಿಲ್ಲ. ಈಗ ಒಂದೇ ಸಾಲಿಗೆ ಮಾಡಿ ನೋಡುತ್ತೇನೆ.

ಇನ್ನೊಂದು ಸಂಗತಿ ಬೆಳಿಗ್ಗೆ ಬರೆಯಲು ಬಿಟ್ಟುಹೋಯಿತು. 11.2 ಕಿಲೋ ಹಾಕಿದ್ದೇನೆ ಅಂದೆ, ಅಷ್ಟೂ ಕೋಳಿ ತಿಂದಿಲ್ಲ. ಮೂರು ದಿನ ಆ ಸಾಲಿನ ಫೀಡರ್ ಕೆಳಗೆ ತಾಡಪತ್ರಿ ಹಾಸಿ, ಬಿದ್ದ ಪುಡಿಯನ್ನು ಗುಡಿಸಿ ತೂಗಿದೆ. ದಿನಕ್ಕೆ 600 ಗ್ರಾಂ! ಕೋಳಿ ತಿನ್ನುವುದನ್ನು ಹತ್ತಿರದಿಂದ ನೋಡಿ. ಮೊದಲು ಕೊಕ್ಕಿನಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ಕೆದರುತ್ತದೆ, ದಪ್ಪ ಕಾಳು ಹುಡುಕುತ್ತದೆ, ಆಮೇಲೆ ನುಂಗುತ್ತದೆ. ಫೀಡರ್ ಅಂಚಿನವರೆಗೆ ತುಂಬಿದ್ದರೆ ಪ್ರತಿ ಕೆದರಿಗೂ ಒಂದು ಚಿಟಿಕೆ ಹೊರಗೆ. ನಮ್ಮ ಹುಡುಗರು ಒಂದೇ ಸಲ ತುಂಬಿದರೆ ಕೆಲಸ ಮುಗಿಯಿತು ಅಂತ ಅಂಚಿನವರೆಗೆ ತುಂಬುತ್ತಿದ್ದರು. ಈಗ ಮೂರನೇ ಒಂದು ಭಾಗ ಮಾತ್ರ, ದಿನಕ್ಕೆ ಎರಡು ಸಲ. ಬೀಳುವುದು 150 ಗ್ರಾಮಿಗೆ ಇಳಿದಿದೆ.

ಪೂರ್ತಿ ಶೆಡ್ಡಿಗೆ 600 ಗ್ರಾಂ ಲೆಕ್ಕ ಅಂದರೆ ದಿನಕ್ಕೆ 12 ಕಿಲೋ. ನನಗೆ ಫೀಡ್ ಕಿಲೋಗೆ 30 ರೂಪಾಯಿ ಹತ್ತಿರ ಬೀಳುತ್ತದೆ. ವರ್ಷಕ್ಕೆ 1.3 ಲಕ್ಷ ರೂಪಾಯಿ ನೆಲಕ್ಕೆ ಚೆಲ್ಲುತ್ತಿದ್ದೆ. ಭಾವನಿಗೆ ಈ ಲೆಕ್ಕ ತೋರಿಸಿದಾಗ ಅವರು ತುಂಬಾ ಹೊತ್ತು ಮಾತಾಡಲಿಲ್ಲ.

ವಾಸ್ಕೋ ಜವಾರಿ | ಮಾರ್ಚ್ 16, ಬೆಳಿಗ್ಗೆ 7:02

ನಮಸ್ಕಾರ್ರಿ. ನಾವು ಬಾಗಲಕೋಟೆ ಕಡೆಯವರು, ವಾಸ್ಕೋದಲ್ಲಿ ಮೂವತ್ತು ವರ್ಷ ಆಯಿತು. ನಿಮ್ಮ ಲೆಕ್ಕ ಓದಿದೆ. ನನಗೆ ಒಂದು ಅನುಮಾನ. ನಮ್ಮ ಹಿತ್ತಲಲ್ಲಿ ಒಂಬತ್ತು ಜವಾರಿ ಕೋಳಿ ಇವೆ. ತಿನ್ನುವುದು ಉಳಿದ ಅನ್ನ, ತರಕಾರಿ ಸಿಪ್ಪೆ, ಮೀನಿನ ಕಸ, ಹುಳ ಹುಪ್ಪಟೆ. ಸಂಜೆ ಒಂದಿಷ್ಟು ನುಚ್ಚು ಹಾಕುತ್ತೇನೆ. ತತ್ತಿ ಕಡಿಮೆ ಬರುತ್ತವೆ, ಖರೆ. ಆದರೆ ಸೋಯಾ ಇಲ್ಲ, ಗೋವಿನಜೋಳ ಇಲ್ಲ. ಹಾಗಾದರೆ ನನ್ನ ಕೋಳಿ ಒಳ್ಳೆಯದೋ, ನಿಮ್ಮ ಶೆಡ್ಡಿನ ಕೋಳಿ ಒಳ್ಳೆಯದೋ?

ತಳೇಗಾಂವ್ ಶೆಡ್ | ಮಾರ್ಚ್ 16, ಬೆಳಿಗ್ಗೆ 11:40

ಅಕ್ಕಾ, ನಿಮ್ಮ ಕೋಳಿ ನಿಮ್ಮ ಹಿತ್ತಲಲ್ಲಿ ನನ್ನ ಕೋಳಿಗಿಂತ ಒಳ್ಳೆಯದು. ಮನಸ್ಸಿನಿಂದ ಹೇಳುತ್ತಿದ್ದೇನೆ. ಮನುಷ್ಯರು ತಿನ್ನದೆ ಬಿಟ್ಟದ್ದನ್ನು ಅದು ಊಟ ಮಾಡಿಕೊಡುತ್ತಿದೆ. ನನ್ನ ಕೋಳಿ ತಿನ್ನುವ ಗೋವಿನಜೋಳ ಹೊಲದಲ್ಲಿ ಬೆಳೆದದ್ದು, ಅದಕ್ಕೆ ನೀರು ಗೊಬ್ಬರ ಎಲ್ಲ ಬಿದ್ದಿದೆ.

ಆದರೆ ಅದೇ ಜವಾರಿ ಕೋಳಿಯನ್ನು ಶೆಡ್ಡಿಗೆ ತಂದು ಅಂಗಡಿ ಫೀಡ್ ಹಾಕಿದರೆ ಲೆಕ್ಕ ತಿರುಗುತ್ತದೆ. ವರ್ಷಕ್ಕೆ 70 ಮೊಟ್ಟೆ, ಒಂದೊಂದು 40 ಗ್ರಾಂ ಅಂದರೆ 2.8 ಕಿಲೋ. ದಿನಕ್ಕೆ 80 ಗ್ರಾಂ ತಿಂದರೆ ವರ್ಷಕ್ಕೆ 29 ಕಿಲೋ ಫೀಡ್. ಕಿಲೋ ಮೊಟ್ಟೆಗೆ ಹತ್ತು ಕಿಲೋ ಫೀಡ್ ಆಯಿತು. ನನ್ನ ಶೆಡ್ಡಿನಲ್ಲಿ ಎರಡೂಕಾಲು ಕಿಲೋ ಸಾಕು. ಇಲ್ಲಿ ಹೆದ್ದಾರಿ ಪಕ್ಕ ಗಾವರಾನ್ (ನಾಟಿ) ಮೊಟ್ಟೆ ಅಂತ ಬೋರ್ಡ್ ಹಾಕಿ ಹೀಗೆ ಸಾಕುವವರು ಇದ್ದಾರೆ. ತಿನ್ನುವವರು ಭೂಮಿಗೆ ಒಳ್ಳೆಯದು ಮಾಡಿದೆ ಅಂದುಕೊಂಡು ಎರಡರಷ್ಟು ದುಡ್ಡು ಕೊಡುತ್ತಾರೆ. ಅಲ್ಲಿ ಆಗುತ್ತಿರುವುದು ಉಲ್ಟಾ. ತಳಿ ಯಾವುದು ಅನ್ನುವುದಕ್ಕಿಂತ ಅದು ಏನು ತಿನ್ನುತ್ತಿದೆ ಅಂತ ಕೇಳಬೇಕು.

ಹಡಪ್ಸರ್ ಹೊಸಬ | ಮಾರ್ಚ್ 16, ಮಧ್ಯಾಹ್ನ 12:30

ಅಣ್ಣಾ, ನಾನು ನೀರಿನ ಮೇಲೆ ತೇಲಿ ಬೆಳೆಯುವ ಅಜೋಲ್ಲಾ ಬೆಳೆಸಿ 200 ಕೋಳಿ ಸಾಕಬೇಕು ಅಂತಿದ್ದೇನೆ. ವಿಡಿಯೋದಲ್ಲಿ 25% ಪ್ರೋಟೀನ್ ಅಂತ ಹೇಳಿದರು. ಸೋಯಾ ಬೇಡವೇ ಬೇಡ ಅಲ್ವಾ?

ಪರೇಲ್ ಡಾಕ್ಟರ್ | ಮಾರ್ಚ್ 16, ಮಧ್ಯಾಹ್ನ 2:15

ತಮ್ಮಾ, ಆ 25% ಒಣಗಿಸಿದ ಅಜೋಲ್ಲಾದ ಲೆಕ್ಕ. ತೊಟ್ಟಿಯಿಂದ ತೆಗೆದ ಹಸಿ ಅಜೋಲ್ಲಾದಲ್ಲಿ ನೂರಕ್ಕೆ 93-94 ಪಾಲು ನೀರು. 100 ಗ್ರಾಂ ಹಸಿ ಹಾಕಿದರೆ ಸಿಗುವ ಪ್ರೋಟೀನ್ ಒಂದೂವರೆ ಗ್ರಾಂ ಮಾತ್ರ. ಲೇಯರ್ ಕೋಳಿಗೆ ದಿನಕ್ಕೆ 17-18 ಗ್ರಾಂ ಬೇಕು. ಅದನ್ನು ಸೊಪ್ಪಿನ ಹಾಗೆ ಸ್ವಲ್ಪ ಹಾಕಿ, ಹಳದಿಯ ಬಣ್ಣ ಚೆನ್ನಾಗಿ ಬರುತ್ತದೆ. ಅದನ್ನೇ ನಂಬಿ ಸಾಲ ಮಾಡಬೇಡಿ.

ಹಿತ್ತಲು ಇದ್ದರೆ ಗಿರಿರಾಜ, ಸ್ವರ್ಣಧಾರ ನೋಡಿ. ಎರಡೂ ಬೆಂಗಳೂರಿನಲ್ಲಿ ಅಭಿವೃದ್ಧಿಯಾದ ತಳಿಗಳು. ಹೈದರಾಬಾದಿನ ಸಂಸ್ಥೆಯ ಗ್ರಾಮಪ್ರಿಯವೂ ಇದೆ. ಜವಾರಿಯ ಹಾಗೆ ಮೇಯುತ್ತವೆ, ಮೊಟ್ಟೆ ಅದರ ಎರಡರಷ್ಟು ಅಥವಾ ಇನ್ನೂ ಜಾಸ್ತಿ ಕೊಡುತ್ತವೆ.

ಥಾಣೆ ಬೇಳೆಸಾರು | ಮಾರ್ಚ್ 16, ರಾತ್ರಿ 8:48

ನಾವು ಮೊಟ್ಟೆ ತಿನ್ನುವವರಲ್ಲ, ಆದರೂ ಓದುತ್ತಿದ್ದೇನೆ. ಒಂದು ನೇರ ಪ್ರಶ್ನೆ, ಬೇಸರ ಮಾಡಿಕೊಳ್ಳಬೇಡಿ. ನೂರು ಗ್ರಾಂ ಪ್ರೋಟೀನ್ ಹಾಕಿ 29 ಗ್ರಾಂ ತೆಗೆಯುವುದಾದರೆ ಆ ಸೋಯಾವನ್ನು ನಾವೇ ತಿನ್ನಬಹುದಲ್ಲ? ನಡುವೆ ಕೋಳಿ ಯಾಕೆ?

ತಳೇಗಾಂವ್ ಶೆಡ್ | ಮಾರ್ಚ್ 16, ರಾತ್ರಿ 10:20

ಬೇಸರ ಯಾಕೆ ಸರ್, ಈ ಪ್ರಶ್ನೆ ನನ್ನನ್ನೂ ಕಾಡುತ್ತದೆ. ನೀವು ಹೇಳಿದ್ದು ಸರಿ. ಬೇಳೆ, ಕಾಳು ಚೆನ್ನಾಗಿ ಸಿಗುವ ಮನೆಯವರು ನೇರವಾಗಿ ತಿಂದರೆ ಭೂಮಿಗೆ ಭಾರ ಕಡಿಮೆ. ಅದನ್ನು ಮುಚ್ಚಿಟ್ಟು ನಾನು ಮೊಟ್ಟೆ ಮಾರಬಾರದು.

ಆದರೆ ನಮ್ಮ ಮನೆಯ ಊಟ ನೆನೆಸಿಕೊಳ್ಳಿ. ಜೋಳದ ರೊಟ್ಟಿ, ಅನ್ನ. ಜೋಳದಲ್ಲಿ ಲೈಸಿನ್ ತುಂಬಾ ಕಡಿಮೆ. ಒಂದು ಮೊಟ್ಟೆಯಲ್ಲಿ ಆರು ಗ್ರಾಂ ಪ್ರೋಟೀನ್ ಇದೆ, ಲೈಸಿನ್, ಮಿಥಿಯೋನಿನ್ ಎರಡೂ ಚೆನ್ನಾಗಿವೆ. ರೊಟ್ಟಿಯ ಜೊತೆ ಒಂದು ಮೊಟ್ಟೆ ಇದ್ದರೆ ರೊಟ್ಟಿಯ ಪ್ರೋಟೀನೂ ಮೈಗೆ ಹತ್ತುತ್ತದೆ. ಬಿ12 ಅಂತೂ ಕಾಳು, ಸೊಪ್ಪಿನಲ್ಲಿ ಸಿಗುವುದೇ ಇಲ್ಲ. ನಮ್ಮ ಶೆಡ್ಡಿನಿಂದ ದಿನಾ ಐದು ಟ್ರೇ ಇಲ್ಲಿನ ಕಟ್ಟಡ ಕೆಲಸದವರ ವಸ್ತಿಗೆ ಹೋಗುತ್ತದೆ. ತುಂಬಾ ಜನ ಕಲಬುರಗಿ, ಯಾದಗಿರಿ ಕಡೆಯವರು. ಹಾಲು ತರಲು ಕಷ್ಟ, ಮೀನು ಮಾಂಸ ವಾರಕ್ಕೊಮ್ಮೆ. ಅವರ ಮಕ್ಕಳಿಗೆ ಮೊಟ್ಟೆ ಒಂದೇ ದಿನಾ ಸಿಗುವ ಒಳ್ಳೆಯ ಪ್ರೋಟೀನ್. ಅದಕ್ಕೇ ಅದನ್ನು ಕಡಿಮೆ ಫೀಡಿನಲ್ಲಿ, ಕಡಿಮೆ ಹೊಲಸು ಮಾಡಿ ತೆಗೆಯುವುದು ಹೇಗೆ ಅಂತ ಒದ್ದಾಡುತ್ತಿದ್ದೇನೆ.

ಥಾಣೆ ಬೇಳೆಸಾರು | ಮಾರ್ಚ್ 17, ಬೆಳಿಗ್ಗೆ 6:50

ನೀವು ಮುಚ್ಚಿಡದೆ ಹೇಳಿದ್ದಕ್ಕೆ ಸಂತೋಷ. ನಮ್ಮ ಅಮ್ಮನಿಗೆ ಬಿ12 ಕಡಿಮೆಯಾಗಿ ಕಾಲು ಜೋಮು ಹಿಡಿಯುತ್ತಿತ್ತು, ಈಗ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಆ ವಿಷಯ ನನಗೂ ಗೊತ್ತು.

ಪರೇಲ್ ಡಾಕ್ಟರ್ | ಮಾರ್ಚ್ 17, ಬೆಳಿಗ್ಗೆ 9:10

ಇದಕ್ಕೆ ಒಂದೆರಡು ಅಂಕಿ ಸೇರಿಸುತ್ತೇನೆ. 2018ರಲ್ಲಿ ಬಂದ ಒಂದು ದೊಡ್ಡ ಜಾಗತಿಕ ಅಧ್ಯಯನದ ಪ್ರಕಾರ ಒಂದು ಕಿಲೋ ಮೊಟ್ಟೆಗೆ ಸರಾಸರಿ 4.7 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮನಾದ ಹೊರಸೂಸುವಿಕೆ ಆಗುತ್ತದೆ. ಚೀಸ್‌ಗೆ ಅದು ಇಪ್ಪತ್ತು ಕಿಲೋ ದಾಟುತ್ತದೆ. ಮೊಟ್ಟೆಯ ಲೆಕ್ಕದಲ್ಲಿ ದೊಡ್ಡ ಪಾಲು ಫೀಡ್ ಬೆಳೆಯುವುದರಿಂದಲೇ ಬರುತ್ತದೆ. ಅಮೆರಿಕದಲ್ಲಿ 1960 ಮತ್ತು 2010ನ್ನು ಹೋಲಿಸಿ ನೋಡಿದರು. ಒಂದು ಕಿಲೋ ಮೊಟ್ಟೆಯ ಹೊರಸೂಸುವಿಕೆ ನೂರಕ್ಕೆ 71 ಇಳಿದಿತ್ತು. ಕಾರಣಗಳು ಒಳ್ಳೆಯ ತಳಿ, ಅಳತೆಯ ಫೀಡ್, ಕಡಿಮೆ ಸಾವು. ದೊಡ್ಡ ಯಂತ್ರ ಇಲ್ಲದ ನಮ್ಮಂಥವರಿಗೂ ಈ ಮೂರೂ ಕೈಗೆಟುಕುತ್ತವೆ.

ಹಡಪ್ಸರ್ ಹೊಸಬ | ಮಾರ್ಚ್ 17, ಬೆಳಿಗ್ಗೆ 10:00

ಅಣ್ಣಾ, ಫೀಡ್ ಉಳಿಸಬೇಕು ಅಂತ ಕೋಳಿಯನ್ನು ಕೇಜಿನಲ್ಲಿ ತುರುಕುವುದು ಸರಿಯಾ? ಅಲ್ಲಾಡದಿದ್ದರೆ ಕಡಿಮೆ ತಿನ್ನುತ್ತದೆ ಅಂತ ಒಬ್ಬರು ಹೇಳಿದರು.

ತಳೇಗಾಂವ್ ಶೆಡ್ | ಮಾರ್ಚ್ 17, ಮಧ್ಯಾಹ್ನ 1:05

ಸರಿಯಲ್ಲ. ಬಿಟ್ಟು ಸಾಕಿದ ಕೋಳಿ ಸ್ವಲ್ಪ ಜಾಸ್ತಿ ತಿನ್ನುವುದು ನಿಜ. ಆದರೆ ಫೀಡಿನ ಲೆಕ್ಕ ಒಂದನ್ನೇ ಹಿಡಿದರೆ ಜೀವ ಮರೆತುಹೋಗುತ್ತದೆ. ಕೇಂದ್ರ ಸರ್ಕಾರದ 2023ರ ನಿಯಮದಲ್ಲಿ ಕೇಜಿನ ಒಂದು ಕೋಳಿಗೆ ಕನಿಷ್ಠ 550 ಚದರ ಸೆಂಟಿಮೀಟರ್ ಜಾಗ ಅಂತ ಬಂತು. ಅದೂ ಒಂದು ಎ4 ಹಾಳೆಗಿಂತ ಕಡಿಮೆಯೇ. ನಾನು ಟೇಪ್ ಹಿಡಿದು ಅಳೆದೆ. ನಮ್ಮ ಕೇಜ್ 38 ಸೆಂಟಿಮೀಟರ್ ಅಗಲ, 46 ಉದ್ದ, ಒಳಗೆ ನಾಲ್ಕು ಕೋಳಿ. ತಲೆಗೆ 437 ಬಂತು. ಪ್ರತಿ ಕೇಜಿನಿಂದ ಒಂದು ತೆಗೆದೆವು. ಈಗ ತಲೆಗೆ 580ರ ಮೇಲಿದೆ. 2,600ರ ಮೇಲೆ ಕೋಳಿ ಇದ್ದದ್ದು ಹತ್ತಿರ ಹತ್ತಿರ 2,000ಕ್ಕೆ ಬಂದಿದ್ದು ಹೀಗೆ. ಸಾವು ಕಡಿಮೆಯಾಯಿತು, ಗರಿ ಕೀಳುವುದು ನಿಂತಿತು. ನನಗೆ ಇನ್ನೂ ಸಮಾಧಾನವಿಲ್ಲ. ಮುಂದಿನ ಬ್ಯಾಚಿಗೆ 300 ಕೋಳಿಯನ್ನಾದರೂ ನೆಲದ ಮೇಲೆ ಬಿಟ್ಟು ಸಾಕಬೇಕು ಅಂತಿದ್ದೇನೆ.

ಡೊಂಬಿವಲಿ ಮೊಟ್ಟೆ ಅಂಗಡಿ | ಮಾರ್ಚ್ 17, ಸಂಜೆ 5:30

ನನ್ನ ಒಡೆಯುವ ಮೊಟ್ಟೆಗೆ ಉತ್ತರ ಬರಲಿಲ್ಲ. ಬೇಸಿಗೆಯಲ್ಲಿ ಸಿಪ್ಪೆ ತೆಳ್ಳಗಾಗುವುದು ಯಾಕೆ?

ಪರೇಲ್ ಡಾಕ್ಟರ್ | ಮಾರ್ಚ್ 17, ರಾತ್ರಿ 9:00

ಕೋಳಿಗೆ ಬೆವರುವ ಗ್ರಂಥಿ ಇಲ್ಲ. ಸೆಕೆಯಾದರೆ ಬಾಯಿ ತೆರೆದು ಏದುಸಿರು ಬಿಡುತ್ತದೆ. ಆ ಉಸಿರಿನಲ್ಲಿ ರಕ್ತದ ಇಂಗಾಲದ ಡೈಆಕ್ಸೈಡ್ ಜಾಸ್ತಿ ಹೊರಗೆ ಹೋಗುತ್ತದೆ. ಸಿಪ್ಪೆ ಅಂದರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಕಾರ್ಬೊನೇಟ್ ಆಗಬೇಕಾದದ್ದು ಉಸಿರಲ್ಲಿ ಹೋದರೆ ಸಿಪ್ಪೆಗೆ ಸಾಲದು. ಜೊತೆಗೆ ಸೆಕೆಯಲ್ಲಿ ತಿನ್ನುವುದೂ ಕಡಿಮೆ.

ಇನ್ನೊಂದು ಮುಖ್ಯ ವಿಷಯ ಇದೆ. ಸಿಪ್ಪೆ ಕಟ್ಟಲು ಸುಮಾರು 20 ಗಂಟೆ ಬೇಕು. ಹೆಚ್ಚಿನ ಕೆಲಸ ರಾತ್ರಿ ನಡೆಯುತ್ತದೆ, ಕೋಳಿ ತಿನ್ನದೆ ಮಲಗಿರುವಾಗ. ಒಂದು ಸಿಪ್ಪೆಗೆ ಎರಡು ಗ್ರಾಮಿಗೂ ಜಾಸ್ತಿ ಕ್ಯಾಲ್ಸಿಯಂ ಬೇಕು. ಹೊಟ್ಟೆಯಲ್ಲಿ ಇಲ್ಲದಿದ್ದರೆ ತನ್ನ ಮೂಳೆಯಿಂದ ತೆಗೆದು ಕೊಡುತ್ತದೆ. ಸುಣ್ಣದ ಕಲ್ಲಿನ ನುಣ್ಣನೆ ಪುಡಿ ಬೆಳಿಗ್ಗೆ ತಿಂದದ್ದು ಸಂಜೆಗೆ ಮುಗಿದುಹೋಗುತ್ತದೆ. ಅದೇ ಕಲ್ಲಿನ ದಪ್ಪ ಹರಳು, ಅಂದರೆ ಗ್ರಿಟ್ ಆದರೆ ಹೊಟ್ಟೆಯ ಗಿರಣಿಯಲ್ಲಿ ಉಳಿದು ರಾತ್ರಿಯಿಡೀ ನಿಧಾನವಾಗಿ ಕರಗುತ್ತದೆ. ಹಾಗಾಗಿ ಗ್ರಿಟ್ ಸಂಜೆ ಹಾಕಿ, ದಪ್ಪದ್ದು ಹಾಕಿ. ಮಧ್ಯಾಹ್ನದ ಸುಡುಬಿಸಿಲಿನಲ್ಲಿ ಫೀಡ್ ಬೇಡ. ನೀರು ತಣ್ಣಗಿರಲಿ. ಉಸಿರಲ್ಲಿ ಹೋದದ್ದನ್ನು ತುಂಬಲು ಅಡುಗೆ ಸೋಡಾ ಕೊಡುವುದಾದರೆ ಎಷ್ಟು ಅಂತ ನಿಮ್ಮ ವೈದ್ಯರನ್ನು ಕೇಳಿಯೇ ಕೊಡಿ.

ವಾಸ್ಕೋ ಜವಾರಿ | ಮಾರ್ಚ್ 17, ರಾತ್ರಿ 9:40

ಡಾಕ್ಟ್ರೇ, ಇಲ್ಲಿ ಮನೆಮನೆಯಲ್ಲಿ ತಿಸ್ರೆ (ಚಿಪ್ಪುಮೀನು) ತಿನ್ನುತ್ತಾರೆ. ಆ ಚಿಪ್ಪನ್ನು ನಾನು ಒಣಗಿಸಿ, ಒರಳಲ್ಲಿ ಹರಳು ಹರಳಾಗಿ ಕುಟ್ಟಿ ಹಾಕುತ್ತೇನೆ. ನನ್ನ ಅತ್ತೆ ಕಲಿಸಿದ್ದು. ಅದೂ ನಡೆಯುತ್ತದಾ?

ಪರೇಲ್ ಡಾಕ್ಟರ್ | ಮಾರ್ಚ್ 17, ರಾತ್ರಿ 9:52

ಅದೇ ಕ್ಯಾಲ್ಸಿಯಂ ಕಾರ್ಬೊನೇಟ್. ನಿಮ್ಮ ಅತ್ತೆಗೆ ನನ್ನ ನಮಸ್ಕಾರ ಹೇಳಿ. ತೊಳೆದು ಚೆನ್ನಾಗಿ ಒಣಗಿಸಿ, ಚೂಪು ಇರದ ಹಾಗೆ ನೋಡಿಕೊಳ್ಳಿ. ಮೀನಿನ ಕಸ ಮಾತ್ರ ಅಳತೆಯಲ್ಲಿ ಇರಲಿ, ಜಾಸ್ತಿಯಾದರೆ ತತ್ತಿಗೆ ಮೀನಿನ ವಾಸನೆ ಹತ್ತುತ್ತದೆ.

ಮಡಗಾಂವ್ ತೆಂಗು | ಮಾರ್ಚ್ 18, ಬೆಳಿಗ್ಗೆ 8:25

ನಾನು ಕಾರವಾರದವನು, ಮಡಗಾಂವ್ ಹತ್ತಿರ ತೆಂಗಿನ ತೋಟ ನೋಡಿಕೊಳ್ಳುತ್ತೇನೆ. ತಳೇಗಾಂವ್ ಅವರು ಹೇಳಿದ ಯೂರಿಯಾ ಚೀಲ ನನಗೆ ಬೇಕಾಗಿರುವಂಥದ್ದು! ಆದರೆ ಎರಡು ವರ್ಷದ ಹಿಂದೆ ಒಂದು ಲೋಡ್ ಹಸಿ ಕೋಳಿ ಗೊಬ್ಬರ ತಂದು ಸಣ್ಣ ಗಿಡದ ಬುಡಕ್ಕೆ ಹಾಕಿದೆ. ಹದಿನೈದು ದಿನದಲ್ಲಿ ಎಲೆ ಸುಟ್ಟು ಹನ್ನೊಂದು ಗಿಡ ಹೋದವು. ಅಂದಿನಿಂದ ಹೆದರಿಕೆ.

ತಳೇಗಾಂವ್ ಶೆಡ್ | ಮಾರ್ಚ್ 18, ಬೆಳಿಗ್ಗೆ 11:15

ಹಸಿಯಾಗಿ ಹಾಕಿದರೆ ಸುಡುತ್ತದೆ ಅಣ್ಣಾ, ಸಾರ ಅಷ್ಟು ಚುರುಕು. ನಿಮ್ಮಲ್ಲಿ ತೆಂಗಿನ ನಾರಿನ ಪುಡಿ, ಒಣ ಎಲೆ ಬೇಕಾದಷ್ಟು ಇದೆಯಲ್ಲ. ಗೊಬ್ಬರದ ಒಂದು ಬುಟ್ಟಿಗೆ ಒಣ ಕಸ ಎರಡು ಮೂರು ಬುಟ್ಟಿ ಸೇರಿಸಿ ಗುಡ್ಡೆ ಹಾಕಿ. ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಒಳಗೆ ಕೈ ಇಡಲಾಗದಷ್ಟು ಬಿಸಿಯಾಗುತ್ತದೆ. ವಾರಕ್ಕೊಮ್ಮೆ ತಿರುವಿ. ಎರಡು ಮೂರು ತಿಂಗಳಲ್ಲಿ ಮಣ್ಣಿನ ವಾಸನೆ ಬಂದರೆ ಆಯಿತು. ಘಾಟು ಇದ್ದರೆ ಇನ್ನೂ ಬೆಂದಿಲ್ಲ, ಸಾರವೂ ಹಾರಿಹೋಗುತ್ತಿದೆ. ಮಳೆಗೆ ಮೊದಲು ತಾಡಪತ್ರಿ ಮುಚ್ಚಿ. ಮುಚ್ಚದಿದ್ದರೆ ಗೋವಾದ ಮಳೆ ಅಷ್ಟನ್ನೂ ಹಳ್ಳಕ್ಕೆ ಒಯ್ಯುತ್ತದೆ, ನೀರು ಹಸಿರುಗಟ್ಟುತ್ತದೆ.

ನಾನು ಕಳೆದ ತಿಂಗಳಿಂದ ಕೇಜಿನ ಕೆಳಗೆ ಭತ್ತದ ಹೊಟ್ಟು ಹರಡುತ್ತಿದ್ದೇನೆ, ನೀರಿನ ನಿಪ್ಪಲ್ ಸೋರುವುದನ್ನು ದಿನಾ ನೋಡುತ್ತೇನೆ. ಹಿಕ್ಕೆ ಒಣಗಿದ್ದರೆ ಅಮೋನಿಯಾ ಏಳುವುದಿಲ್ಲ, ನೊಣವೂ ಕಡಿಮೆ. ಒಣ ಗೊಬ್ಬರವನ್ನು ಇಲ್ಲಿನ ಗುಲಾಬಿ ಪಾಲಿಹೌಸಿನವರು ಬಂದು ಒಯ್ಯುತ್ತಾರೆ.

ಹಡಪ್ಸರ್ ಹೊಸಬ | ಮಾರ್ಚ್ 19, ಬೆಳಿಗ್ಗೆ 9:05

ಗೋವಿನಜೋಳದ ಬೆಲೆ ಏರಿದಾಗ ಎಥನಾಲ್ ಫ್ಯಾಕ್ಟರಿಯ ಡಿಡಿಜಿಎಸ್ ಹಾಕಬಹುದಾ? ಅಗ್ಗ ಅಂತಾರೆ.

ತಳೇಗಾಂವ್ ಶೆಡ್ | ಮಾರ್ಚ್ 19, ಬೆಳಿಗ್ಗೆ 10:30

ಸ್ವಲ್ಪ ಹಾಕಬಹುದು. ಗೋವಿನಜೋಳದ ಪಿಷ್ಟ ಎಥನಾಲ್‌ಗೆ ಹೋಗಿ ಉಳಿದದ್ದು ಅದು, ಕೋಳಿ ತಿನ್ನಲಿ ಒಳ್ಳೆಯದೇ. ಆದರೆ ಪಿಷ್ಟ ಹೋದಾಗ ಉಳಿದದ್ದೆಲ್ಲ ಸುಮಾರು ಮೂರರಷ್ಟು ಗಟ್ಟಿಯಾಗುತ್ತದೆ. ಕಾಳಿನಲ್ಲಿ ಬೂಸ್ಟಿನ ವಿಷ ಇದ್ದರೆ ಅದೂ ಮೂರರಷ್ಟು. ಹಾವೇರಿ ಕಡೆ ಕೊಯ್ಲಿನ ಹೊತ್ತಿಗೆ ಮಳೆ ಬಂದರೆ ರಸ್ತೆ ಮೇಲೆ ಒಣಗಿಸುತ್ತಿರುವ ಗೋವಿನಜೋಳಕ್ಕೆ ಬೂಸ್ಟು ಹಿಡಿಯುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಲ್ಯಾಬಿನಲ್ಲಿ ಆ ವಿಷದ, ಅಂದರೆ ಅಫ್ಲಟಾಕ್ಸಿನ್ ಪರೀಕ್ಷೆ ಮಾಡಿಸದೆ ಚೀಲ ಇಳಿಸಿಕೊಳ್ಳಬೇಡ. ಅದರಲ್ಲಿ ಲೈಸಿನ್ನೂ ಕಡಿಮೆ, ಬೇರೆ ಸೇರಿಸಬೇಕು.

ಡೊಂಬಿವಲಿ ಅಣ್ಣಾ, ನಿಮಗೊಂದು ಕೇಳಿಕೆ. ಏಪ್ರಿಲ್ ಒಂದರಿಂದ ನನ್ನ ಹತ್ತು ಪೇಟಿ ನಿಮ್ಮ ಅಂಗಡಿಗೆ ಕಳಿಸುತ್ತೇನೆ, ವಾರಕ್ಕೊಮ್ಮೆ. ಐದು ಪೇಟಿ ಸಂಜೆ ದಪ್ಪ ಗ್ರಿಟ್ ಹಾಕಿದ ಸಾಲಿನದು, ಐದು ಮೊದಲಿನ ಹಾಗೆ. ಯಾವುದು ಯಾವುದು ಅಂತ ನಿಮಗೆ ಹೇಳುವುದಿಲ್ಲ, ಹಗ್ಗದ ಬಣ್ಣ ಬೇರೆ ಇರುತ್ತದೆ. ಒಡೆದದ್ದನ್ನು ಎಣಿಸಿ ಬರೆಯುತ್ತೀರಾ?

ಡೊಂಬಿವಲಿ ಮೊಟ್ಟೆ ಅಂಗಡಿ | ಮಾರ್ಚ್ 19, ಮಧ್ಯಾಹ್ನ 12:10

ಕಳಿಸಿ ಮಾರಾಯ್ರೆ. ಮಗಳು ಹತ್ತನೇ ಪರೀಕ್ಷೆ ಮುಗಿಸಿ ಮನೆಯಲ್ಲೇ ಇರುತ್ತಾಳೆ, ಅವಳೇ ಬರೆಯುತ್ತಾಳೆ.

ತಳೇಗಾಂವ್ ಶೆಡ್ | ಏಪ್ರಿಲ್ 20, ರಾತ್ರಿ 8:30

16% ಪ್ರೋಟೀನಿನ ಸಾಲು ನಾಲ್ಕು ವಾರ ದಾಟಿತು. ಮಿಥಿಯೋನಿನ್ ಮತ್ತು ಲೈಸಿನ್ ಡಾಕ್ಟ್ರು ಹೇಳಿದ ಅಳತೆಯಲ್ಲೇ ಇದೆ, ಫೈಟೇಸ್ ಹಾಕಿ ಡಿಸಿಪಿ ಇಳಿಸಿದ್ದೇನೆ. ದಿನಕ್ಕೆ 87-88 ಮೊಟ್ಟೆ, ತೂಕ 56 ಗ್ರಾಂ, ಮೊದಲಿನಷ್ಟೇ. ಗರಿ ಕೀಳುವುದಿಲ್ಲ. ಚೆಲ್ಲುವುದು ನಿಂತಿದ್ದಕ್ಕೆ ಹಾಕುವ ಫೀಡ್ ಈಗ 10.7 ಕಿಲೋ. ಅದರ ಪ್ರೋಟೀನ್ 1.71 ಕಿಲೋ, ಮೊಟ್ಟೆಯಲ್ಲಿ 0.55 ಕಿಲೋ. ನೂರಕ್ಕೆ 29 ಇದ್ದದ್ದು 32 ಆಗಿದೆ. ಭಾವ ಮೇ ತಿಂಗಳಿಂದ ಪೂರ್ತಿ ಶೆಡ್ಡಿಗೆ ಮಾಡೋಣ ಅಂದಿದ್ದಾರೆ.

ವಾಸ್ಕೋ ಜವಾರಿ | ಏಪ್ರಿಲ್ 21, ಬೆಳಿಗ್ಗೆ 7:15

ನಾನೂ ತಕ್ಕಡಿ ತಂದೆನ್ರಿ. ಒಂದಿಷ್ಟು ನುಚ್ಚು ಅಂತ ಹೇಳುತ್ತಿದ್ದೆನಲ್ಲ, ತೂಗಿದರೆ ದಿನಕ್ಕೆ 700 ಗ್ರಾಂ! ಅರ್ಧ ಗುಬ್ಬಿ, ಇಲಿ ತಿನ್ನುತ್ತಿದ್ದವು. ಈಗ 350 ಹಾಕುತ್ತೇನೆ, ಕೋಳಿ ಗೂಡಿಗೆ ಸೇರಿದ ಮೇಲೆ ಒಳಗೇ ಇಡುತ್ತೇನೆ. ತತ್ತಿ ಕಡಿಮೆಯಾಗಿಲ್ಲ.

ಡೊಂಬಿವಲಿ ಮೊಟ್ಟೆ ಅಂಗಡಿ | ಮೇ 4, ಬೆಳಿಗ್ಗೆ 6:05

ಐದು ವಾರದ ಲೆಕ್ಕ ಮುಗಿಯಿತು. ಮಗಳು ಪುಸ್ತಕದಲ್ಲಿ ಗೆರೆ ಎಳೆದು ಬರೆದಿದ್ದಾಳೆ. ಕೆಂಪು ಹಗ್ಗದ 25 ಪೇಟಿಯಲ್ಲಿ ಒಡೆದದ್ದು ಒಟ್ಟು 238. ನೀಲಿ ಹಗ್ಗದ 25 ಪೇಟಿಯಲ್ಲಿ 121. ನೀಲಿ ಅಂದರೆ ಸಂಜೆ ಗ್ರಿಟ್ ಹಾಕಿದ್ದು ತಾನೇ?

ತಳೇಗಾಂವ್ ಶೆಡ್ | ಮೇ 4, ಬೆಳಿಗ್ಗೆ 6:20

ಹೌದು ಅಣ್ಣಾ, ನೀಲಿಯೇ. ನಾಳೆಯಿಂದ ಎಲ್ಲಾ ಪೇಟಿಗೂ ನೀಲಿ ಹಗ್ಗ. ಮಗಳಿಗೆ ಒಂದು ಮಾತು ಕೇಳಿ, ಒಡೆದದ್ದು ಮೇಲಿನ ಟ್ರೇಯಲ್ಲಿ ಜಾಸ್ತಿಯೋ ಕೆಳಗಿನದರಲ್ಲೋ ಅಂತ ಬರೆದಿದ್ದಾಳಾ?

ಡೊಂಬಿವಲಿ ಮೊಟ್ಟೆ ಅಂಗಡಿ | ಮೇ 4, ಬೆಳಿಗ್ಗೆ 6:31

ಬರೆದಿದ್ದಾಳೆ. ಕೆಳಗಿನ ಎರಡು ಟ್ರೇಯಲ್ಲೇ ಅರ್ಧಕ್ಕಿಂತ ಜಾಸ್ತಿ. ಪುಟದ ಫೋಟೋ ಕಳಿಸುತ್ತೇನೆ, ಲಾರಿಯವನು ಬಂದ, ಇಳಿಸಿಕೊಂಡು ಬರುತ್ತೇನೆ.